ಕಾಶಿ ಕಣಗಿಲೆ: ಕಡಲ ದ್ವೀಪದಿಂದ ಬಂದ ಅಂಗಳದ ಹೂ

ನಮ್ಮ ನಾಡಿನ ಮನೆಯಂಗಳಗಳಲ್ಲಿ ವರ್ಷದ ಹನ್ನೆರಡು ತಿಂಗಳೂ ಹೂ ಬಿಡುವ ಗಿಡಗಳು ಬೆರಳೆಣಿಕೆಯಷ್ಟು ಮಾತ್ರ. ಅವುಗಳಲ್ಲಿ ಯಾರ ಆರೈಕೆಯನ್ನೂ ಬಯಸದೆ, ಬೇಸಿಗೆಯ ಬಿಸಿಲಿಗೂ ಬಾಡದೆ, ದನಕರುಗಳ ಬಾಯಿಗೂ ಸಿಕ್ಕದೆ ಬೆಳೆಯುವ ಗಿಡವೆಂದರೆ ಕಾಶಿ ಕಣಗಿಲೆ. ಸದಾಪುಷ್ಪ, ನಿತ್ಯಪುಷ್ಪ, ನಿತ್ಯಕಲ್ಯಾಣಿ, ಬಟ್ಟಲ ಹೂ ಎಂದು ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಮರಾಠಿಯಲ್ಲಿ ಸದಾಫುಲಿ, ಹಿಂದಿಯಲ್ಲಿ ಸದಾಬಹಾರ್, ತೆಲುಗಿನಲ್ಲಿ ಬಿಳ್ಳ ಗನ್ನೇರು. ತಮಿಳಿನಲ್ಲಿ ಇದಕ್ಕೆ ನಿತ್ಯಕಲ್ಯಾಣಿ ಎಂಬ ಮಂಗಲಕರ ಹೆಸರೂ ಉಂಟು, ಸ್ಮಶಾನದ ಮಲ್ಲಿಗೆ ಎಂಬರ್ಥದ ಹೆಸರೂ ಉಂಟು. ಸಮಾಧಿಗಳ ಬಳಿ ನೀರಿಲ್ಲದ ನೆಲದಲ್ಲಿಯೂ ಅದು ತಾನಾಗಿ ಹಬ್ಬುವುದೇ ಈ ಎರಡನೆಯ ಹೆಸರಿಗೆ ಕಾರಣ.

ಈ ಗಿಡವನ್ನು ಕುರಿತು ಬರೆಯಬೇಕೆನ್ನಿಸಲು ಕಾರಣವಿದೆ. ಇತ್ತೀಚಿನ ವರ್ಷಗಳಲ್ಲಿ ಚಿಕಿತ್ಸಾಲಯಕ್ಕೆ ಬರುವ ಭಕ್ತಾದಿಗಳಲ್ಲಿ ಅನೇಕರು ಇದರ ಬಗ್ಗೆ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಒಂದು, ಇದರ ಎಲೆ ತಿಂದರೆ ಸಕ್ಕರೆ ಕಾಯಿಲೆ ವಾಸಿಯಾಗುವುದೇ? ಎರಡು, ಕ್ಯಾನ್ಸರ್ ಔಷಧವನ್ನು ಇದರಿಂದಲೇ ತೆಗೆಯುತ್ತಾರಂತೆ, ಹಾಗಾದರೆ ಮನೆಯಲ್ಲಿಯೇ ಕಷಾಯ ಮಾಡಿ ಕುಡಿಯಬಹುದೇ? ಕೆಲವರು ಕೇಳುವುದಕ್ಕೂ ಕಾಯದೆ ತಿನ್ನಲು ಆರಂಭಿಸಿರುತ್ತಾರೆ. ಇವೆರಡೂ ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಗಳು. ಹೌದು, ಇಲ್ಲ ಎಂಬ ಒಂದೇ ಮಾತಿನಲ್ಲಿ ಉತ್ತರಿಸಿದರೆ ಮನಸ್ಸಿಗೆ ನಾಟುವುದಿಲ್ಲ. ಆದ್ದರಿಂದ ಈ ಗಿಡದ ಹುಟ್ಟು, ಅದು ನಡೆದು ಬಂದ ದಾರಿ, ಅದರ ಗುಣ, ಅದರ ವಿಷ, ಇಷ್ಟನ್ನೂ ಕ್ರಮವಾಗಿ ತಿಳಿಯೋಣ.

ಹುಟ್ಟಿದ ನೆಲ

ಕಾಶಿ ಕಣಗಿಲೆ ಎಂದು ಕರೆದರೂ ಈ ಗಿಡಕ್ಕೂ ಕಾಶಿಗೂ ಹುಟ್ಟಿನ ಸಂಬಂಧವಿಲ್ಲ. ಇದರ ತವರು ಆಫ್ರಿಕಾ ಖಂಡದ ಪೂರ್ವಕ್ಕೆ, ಹಿಂದೂ ಮಹಾಸಾಗರದಲ್ಲಿರುವ ಮಡಗಾಸ್ಕರ್ ದ್ವೀಪ. ಜಗತ್ತಿನ ದ್ವೀಪಗಳಲ್ಲಿ ವಿಸ್ತಾರದಲ್ಲಿ ನಾಲ್ಕನೆಯದು. ಅನಾದಿ ಕಾಲದಲ್ಲಿ ಭೂಖಂಡಗಳಿಂದ ಬೇರ್ಪಟ್ಟು ಒಂಟಿಯಾಗಿ ಉಳಿದುದರಿಂದ ಅಲ್ಲಿನ ಗಿಡಮರಗಳಲ್ಲಿ ಬಹುಪಾಲು ಬೇರೆಲ್ಲಿಯೂ ಸಹಜವಾಗಿ ಬೆಳೆಯುವುದಿಲ್ಲ. ಕಾಶಿ ಕಣಗಿಲೆಯ ಕುಲದಲ್ಲಿ ಒಟ್ಟು ಎಂಟು ಜಾತಿಗಳನ್ನು ಸಸ್ಯಶಾಸ್ತ್ರಜ್ಞರು ಗುರುತಿಸಿದ್ದಾರೆ. ಅವುಗಳಲ್ಲಿ ಏಳು ಮಡಗಾಸ್ಕರ್ ದ್ವೀಪದವು. ಉಳಿದ ಒಂದು ಮಾತ್ರ ನಮ್ಮ ಭಾರತ ಮತ್ತು ಶ್ರೀಲಂಕೆಯದು. ಅದು ಹೊಲಗಳಲ್ಲಿ ಕಳೆಯಾಗಿ ಬೆಳೆಯುವ, ಪುಟ್ಟ ಬಿಳಿ ಹೂವಿನ ಸಣ್ಣ ಗಿಡ. ಸಾಗರದ ಆಚೆ ಏಳು ಮಂದಿ, ಈಚೆ ಒಬ್ಬಳೇ ತಂಗಿ ಎನ್ನಬಹುದು.

ಮಡಗಾಸ್ಕರಿನ ಕಡಲ ತೀರದ ಮರಳು ನೆಲವೇ ಈ ಗಿಡಕ್ಕೆ ಒಗ್ಗಿದ ಜಾಗ. ಉಪ್ಪುಗಾಳಿ, ಸಾರವಿಲ್ಲದ ಮರಳು, ಸುಡುವ ಬಿಸಿಲು, ತಿಂಗಳುಗಟ್ಟಲೆ ಮಳೆಯ ಅಭಾವ, ಇವೆಲ್ಲವನ್ನೂ ತಾಳಿಕೊಳ್ಳುವ ಶಕ್ತಿ ಅದಕ್ಕೆ ಅಲ್ಲಿಯೇ ಬಂದದ್ದು. ಎಲೆಗಳು ನುಣುಪಾಗಿ ಹೊಳೆಯುತ್ತವೆ, ಎದುರುಬದುರಾಗಿ ಹೊಂದಿಕೊಂಡಿರುತ್ತವೆ, ನಡುನರ ಬೆಳ್ಳಗೆ ಎದ್ದು ಕಾಣುತ್ತದೆ. ಬುಡ ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಮೇಲಿನ ಕವಲುಗಳು ಮೃದುವಾಗಿರುತ್ತವೆ. ಎತ್ತರ ಹೆಚ್ಚೆಂದರೆ ಒಂದು ಮೀಟರ್. ಹೂವಿನ ಕೊಳವೆ ತೆಳ್ಳಗೆ, ಅದರ ತುದಿಯಲ್ಲಿ ಐದು ದಳಗಳು. ಬಣ್ಣ ನಸುಗೆಂಪು ಅಥವಾ ಬಿಳಿ, ನಡುವೆ ಕೆಲವಕ್ಕೆ ಕಡುಗೆಂಪು ಕಣ್ಣು. ಹೂ ಉದುರಿದ ಮೇಲೆ ಜೋಡಿ ಕಾಯಿಗಳು, ಒಳಗೆ ಸಣ್ಣ ಕರಿಯ ಬೀಜಗಳು. ಗೋಡೆಯ ಬಿರುಕಿನಲ್ಲಿ, ಮೆಟ್ಟಿಲ ಸಂದಿಯಲ್ಲಿ ಯಾರೂ ನೆಡದ ಕಾಶಿ ಕಣಗಿಲೆ ತಲೆಯೆತ್ತಿದರೆ ಅದು ಬಹುಮಟ್ಟಿಗೆ ಇರುವೆಗಳ ಕೆಲಸ. ಬೀಜಗಳನ್ನು ಹೊತ್ತೊಯ್ದು ಅಲ್ಲಲ್ಲಿ ಬಿತ್ತುವವರು ಅವರೇ.

ಹದಿನೆಂಟನೆಯ ಶತಮಾನದಲ್ಲಿ ಇದರ ಬೀಜಗಳು ಪ್ಯಾರಿಸ್ ನಗರದ ಉದ್ಯಾನವನ್ನು ಸೇರಿದವು. ಅಲ್ಲಿಂದ ಲಂಡನ್ನಿನ ಚೆಲ್ಸಿ ಔಷಧಿವನಕ್ಕೆ ಹೋದವು. ಆ ವನದ ಮೇಲ್ವಿಚಾರಕನಾಗಿದ್ದ ಫಿಲಿಪ್ ಮಿಲ್ಲರ್ ಅದನ್ನು ಬೆಳೆಸಿ ವರ್ಣಿಸಿದನು. 1759ರಲ್ಲಿ ಲಿನ್ನೇಯಸ್ ಇದಕ್ಕೆ ವಿಂಕಾ ರೋಸಿಯಾ ಎಂದು ಹೆಸರಿಟ್ಟನು. 1837ರಲ್ಲಿ ಜಾರ್ಜ್ ಡಾನ್ ಎಂಬ ಸಸ್ಯಶಾಸ್ತ್ರಜ್ಞನು ಇದನ್ನು ಕ್ಯಾಥರಾಂಥಸ್ ಎಂಬ ಕುಲಕ್ಕೆ ಸೇರಿಸಿದನು. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ಶುದ್ಧ ಹೂ ಎಂದರ್ಥ. ಹಡಗುಗಳ ಜೊತೆಯಲ್ಲಿ, ಅಲಂಕಾರದ ಗಿಡವಾಗಿ, ಇದು ಭೂಮಧ್ಯರೇಖೆಯ ಸುತ್ತಲಿನ ಬಹುತೇಕ ಎಲ್ಲ ಬೆಚ್ಚನೆಯ ಕರಾವಳಿಗಳಿಗೂ ದ್ವೀಪಗಳಿಗೂ ಹಬ್ಬಿತು. ಹೋದಲ್ಲೆಲ್ಲ ತೋಟ ಬಿಟ್ಟು ಹೊರಬಿದ್ದು ಮರಳಿನಲ್ಲಿ ನೆಲೆಯೂರಿತು. ನಮ್ಮ ಕರಾವಳಿಯ ಮರಳಿನಲ್ಲಿಯೂ ಅದು ತವರಿನಲ್ಲಿರುವಂತೆಯೇ ಬೆಳೆಯುತ್ತದೆ.

ಆಯುರ್ವೇದದಲ್ಲಿ ಇದರ ಸ್ಥಾನ

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಚರಕ ಸಂಹಿತೆಯಲ್ಲಾಗಲಿ, ಸುಶ್ರುತ ಸಂಹಿತೆಯಲ್ಲಾಗಲಿ, ವಾಗ್ಭಟನ ಗ್ರಂಥಗಳಲ್ಲಾಗಲಿ ಈ ಗಿಡದ ಉಲ್ಲೇಖವಿಲ್ಲ. ಆ ಆಚಾರ್ಯರ ಕಾಲದಲ್ಲಿ ಇದು ನಮ್ಮ ನೆಲದಲ್ಲಿಯೇ ಇರಲಿಲ್ಲ. ಹಾಗಿದ್ದರೂ, ಸದಾಪುಷ್ಪ ಎಂಬುದು ಆಯುರ್ವೇದದ ಪ್ರಾಚೀನ ಔಷಧ ಎಂದು ಹೇಳುವವರನ್ನು ನಾನು ಕಂಡಿದ್ದೇನೆ. ಈ ಗೊಂದಲಕ್ಕೆ ಕಾರಣ ಹೆಸರು. ಹದಿನಾರನೆಯ ಶತಮಾನದ ಭಾವಪ್ರಕಾಶ ನಿಘಂಟುವಿನಲ್ಲಿ ಸದಾಪುಷ್ಪ ಎಂಬ ಹೆಸರು ಬರುತ್ತದೆ, ನಿಜ. ಆದರೆ ಅಲ್ಲಿ ಅದು ಬಿಳಿ ಎಕ್ಕದ ಪರ್ಯಾಯನಾಮ. ಎಕ್ಕವೂ ಸದಾ ಹೂ ಬಿಡುವ ಗಿಡವಾದುದರಿಂದ ಆ ಹೆಸರು ಬಂತು. ಹಳೆಯ ಗ್ರಂಥದಲ್ಲಿ ಎಕ್ಕಕ್ಕೆ ಹೇಳಿದ ಗುಣವನ್ನು ಹೆಸರಿನ ಸಾಮ್ಯದಿಂದ ಹೊಸ ಗಿಡಕ್ಕೆ ಅಂಟಿಸುವುದು ಶಾಸ್ತ್ರವಲ್ಲ, ಅಪಾಯ.

ಕಣಗಿಲೆ ಎಂಬ ಮಾತಿನಲ್ಲಿ ಮಾತ್ರ ಒಂದು ಸತ್ಯ ಅಡಗಿದೆ. ಶಿವಪೂಜೆಗೆ ಏರಿಸುವ ಕಣಗಿಲೆಯೂ ಈ ಕಾಶಿ ಕಣಗಿಲೆಯೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಸರ್ಪಗಂಧಿಯೂ ಅದೇ ಕುಟುಂಬದ್ದು. ಎಕ್ಕವನ್ನೂ ಇಂದು ಅದೇ ಕುಟುಂಬದಲ್ಲಿ ಸೇರಿಸುತ್ತಾರೆ. ಇವುಗಳಲ್ಲಿ ಯಾವುದನ್ನೂ ಪಶುಗಳು ಇಷ್ಟಪಟ್ಟು ಮೇಯುವುದಿಲ್ಲ ಎಂಬುದನ್ನು ನಮ್ಮ ರೈತರು ಬಲ್ಲರು. ಕಣಗಿಲೆಯ ಬೇರು ತಿಂದರೆ ಹೃದಯ ನಿಲ್ಲುತ್ತದೆ ಎಂಬುದನ್ನು ಹಳ್ಳಿಯ ಮಕ್ಕಳೂ ಬಲ್ಲರು. ಅದೇ ಮನೆತನದ ಇನ್ನೊಂದು ಗಿಡವನ್ನು ಅಂಗಳದಿಂದ ಕಿತ್ತು ಬೆಳಗಿನ ಹೊಟ್ಟೆಗೆ ಹಾಕುವಾಗ ಈ ನೆನಪು ಬರಬೇಕು.

ಹಾಗೆಂದು ಹೊಸ ದ್ರವ್ಯಗಳಿಗೆ ಆಯುರ್ವೇದ ಬಾಗಿಲು ಮುಚ್ಚಿದ ಶಾಸ್ತ್ರವೆಂದು ತಿಳಿಯಬಾರದು. ಹೊರಗಿನಿಂದ ಬಂದ ಚೋಪಚೀನಿಯನ್ನು ಭಾವಮಿಶ್ರನು ತನ್ನ ಗ್ರಂಥದಲ್ಲಿ ಸೇರಿಸಿಕೊಂಡಿದ್ದಾನೆ. ಯಾವ ದ್ರವ್ಯವಾದರೂ ಮಾತ್ರೆ, ಕಾಲ, ಸಂಸ್ಕಾರ, ರೋಗಿಯ ಬಲ ಇವುಗಳನ್ನು ಅರಿತು ಬಳಸಿದಾಗ ಔಷಧವಾಗುತ್ತದೆ, ಅರಿಯದೆ ಬಳಸಿದಾಗ ವಿಷವಾಗುತ್ತದೆ ಎಂಬುದು ಚರಕಾಚಾರ್ಯರ ಮೂಲಭೂತ ನಿಲುವು. ಇದನ್ನೇ ಶಾಸ್ತ್ರವು ಯುಕ್ತಿ ಎಂದು ಕರೆಯುತ್ತದೆ. ಕಾಶಿ ಕಣಗಿಲೆಯ ಚರಿತ್ರೆ ಈ ಮಾತಿಗೆ ಬರೆದ ಭಾಷ್ಯದಂತಿದೆ.

ಇಪ್ಪತ್ತೈದು ಎಲೆಗಳ ಕಥೆ

ವೆಸ್ಟ್ ಇಂಡೀಸಿನ ಜಮೈಕಾ ದ್ವೀಪದಲ್ಲಿ ಜನರು ಈ ಗಿಡದ ಎಲೆಗಳನ್ನು ಕುದಿಸಿ ಸಕ್ಕರೆ ಕಾಯಿಲೆಗೆ ಚಹಾದಂತೆ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಒಂದು ಲಕೋಟೆ ಕೆನಡಾ ದೇಶದ ಕ್ಲಾರ್ಕ್ ನೋಬಲ್ ಎಂಬ ವೈದ್ಯರಿಗೆ ಬಂತು. ಅದರಲ್ಲಿ ಇದ್ದದ್ದು ಇಪ್ಪತ್ತೈದು ಎಲೆಗಳು. ಕ್ಲಾರ್ಕ್ ಅವರು ತರುಣರಾಗಿದ್ದಾಗ ಇನ್ಸುಲಿನ್ ಕಂಡುಹಿಡಿದ ಟೊರೊಂಟೊ ತಂಡದೊಡನೆ ಕೆಲಸ ಮಾಡಿದ್ದವರು. ಅವರು ಆ ಎಲೆಗಳನ್ನು ತಮ್ಮನಾದ ರಾಬರ್ಟ್ ನೋಬಲ್ ಅವರಿಗೆ ಕಳುಹಿಸಿದರು. ರಾಬರ್ಟ್ ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದರು.

ರಾಬರ್ಟ್ ಅವರು ಎಲೆಯ ಸಾರವನ್ನು ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟರು. ರಕ್ತದ ಸಕ್ಕರೆಯಲ್ಲಿ ಗಣ್ಯವಾದ ವ್ಯತ್ಯಾಸ ಕಾಣಲಿಲ್ಲ. ಸಾರವನ್ನು ಚುಚ್ಚಿ ಕೊಟ್ಟಾಗ ಇಲಿಗಳು ಕೆಲವೇ ದಿನಗಳಲ್ಲಿ ಸತ್ತವು. ಪರೀಕ್ಷಿಸಿದಾಗ ಅವುಗಳ ದೇಹದ ತುಂಬ ಕೀವುಗುಳ್ಳೆಗಳಿದ್ದವು. ರಕ್ತದಲ್ಲಿ ಬಿಳಿಕಣಗಳು ಬಹಳ ಕಡಮೆಯಾಗಿದ್ದವು, ಅವನ್ನು ಹುಟ್ಟಿಸುವ ಅಸ್ಥಿಮಜ್ಜೆ ಕುಗ್ಗಿಹೋಗಿತ್ತು. ಸೋಂಕನ್ನು ಎದುರಿಸುವ ಸೈನಿಕರೇ ಇಲ್ಲದೆ ಇಲಿಗಳು ಸತ್ತಿದ್ದವು.

ಬೇರೆ ಯಾರಾದರೂ ಆಗಿದ್ದರೆ ಇದು ವಿಷವೆಂದು ಬರೆದು ಕೈಬಿಡುತ್ತಿದ್ದರು. ರಾಬರ್ಟ್ ಹಾಗೆ ಮಾಡಲಿಲ್ಲ. ಬಿಳಿಯ ರಕ್ತಕಣಗಳು ಲೆಕ್ಕ ಮೀರಿ ಹೆಚ್ಚುವ ರೋಗವೊಂದಿದೆ, ಅದೇ ರಕ್ತದ ಕ್ಯಾನ್ಸರ್. ಬಿಳಿಕಣಗಳನ್ನು ಕುಗ್ಗಿಸುವ ವಸ್ತು ಆ ರೋಗಕ್ಕೆ ಔಷಧವಾಗಲಾರದೇ ಎಂದು ಅವರು ಆಲೋಚಿಸಿದರು. ಚಾರ್ಲ್ಸ್ ಬಿಯರ್ ಎಂಬ ರಸಾಯನಶಾಸ್ತ್ರಜ್ಞರು ಅವರ ಜೊತೆಗೂಡಿದರು. ವರ್ಷಗಳ ಶ್ರಮದ ನಂತರ 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿದ ವಿಷಯ ಪ್ರಕಟವಾಯಿತು. ಅದೇ ಕಾಲಕ್ಕೆ ಅಮೆರಿಕದ ಎಲೈ ಲಿಲ್ಲಿ ಕಂಪನಿಯ ಗಾರ್ಡನ್ ಸ್ವೊಬೋಡ ಅವರೂ ಈ ಗಿಡವನ್ನು ಪರೀಕ್ಷಿಸುತ್ತಿದ್ದರು. ರಕ್ತದ ಕ್ಯಾನ್ಸರ್ ಇದ್ದ ಚಿಕ್ಕಿಲಿಗಳ ಆಯುಸ್ಸು ಇದರ ಸಾರದಿಂದ ಹೆಚ್ಚಿತೆಂದು ಅವರು ಕಂಡುಕೊಂಡರು. ಅವರ ಪ್ರಯೋಗಾಲಯದಿಂದ ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಆಲ್ಕಲಾಯ್ಡ್ ಹೊರಬಂತು. 1963ರಲ್ಲಿ ಅಮೆರಿಕ ಸರ್ಕಾರ ಅದನ್ನು ಔಷಧವಾಗಿ ಅಂಗೀಕರಿಸಿತು. ಎರಡೂ ಇಂದಿಗೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯವಶ್ಯಕ ಔಷಧಗಳ ಪಟ್ಟಿಯಲ್ಲಿವೆ.

ಇವು ಕೆಲಸ ಮಾಡುವ ಬಗೆಯನ್ನು ಸರಳವಾಗಿ ಹೇಳುತ್ತೇನೆ. ದೇಹದ ಒಂದು ಕಣ ಎರಡಾಗುವ ಮುನ್ನ ಅದರೊಳಗೆ ನೂಲಿನಂತಹ ಸೂಕ್ಷ್ಮನಾಳಗಳು ಹರಡಿಕೊಂಡು, ವಂಶವಾಹಿಗಳನ್ನು ಎರಡು ಪಾಲಾಗಿ ಎಳೆಯುತ್ತವೆ. ಮಗ್ಗಕ್ಕೆ ಹಾಸು ಇದ್ದಂತೆ ಕಣವಿಭಜನೆಗೆ ಈ ನಾಳಗಳು. ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಇವು ಆ ನಾಳಗಳನ್ನು ಕಟ್ಟುವ ಮೂಲವಸ್ತುವಿಗೇ ಅಂಟಿಕೊಂಡು ನೂಲು ನೇಯದಂತೆ ತಡೆಯುತ್ತವೆ. ಹಾಸಿಲ್ಲದ ಮಗ್ಗ ನಿಂತುಹೋಗುತ್ತದೆ. ವೇಗವಾಗಿ ಹೆಚ್ಚುವ ಕ್ಯಾನ್ಸರ್ ಕಣಗಳು ಮೊದಲು ಸಾಯುತ್ತವೆ. ಆದರೆ ನಮ್ಮ ದೇಹದಲ್ಲಿ ಸಹಜವಾಗಿಯೇ ವೇಗವಾಗಿ ಹೆಚ್ಚುವ ಕಣಗಳೂ ಉಂಟು. ಅಸ್ಥಿಮಜ್ಜೆಯವು, ಕೂದಲ ಬುಡದವು, ಕರುಳಿನ ಒಳಪದರದವು. ನರಗಳೊಳಗೂ ಇಂತಹ ನಾಳಗಳಿವೆ. ಆದ್ದರಿಂದ ಕೂದಲು ಉದುರುವುದು, ಕೈಕಾಲು ಜುಮ್ಮೆನ್ನುವುದು, ತೀವ್ರ ಮಲಬದ್ಧತೆ, ಸೋಂಕು ತಗಲುವುದು, ಇವೆಲ್ಲ ಈ ಔಷಧಗಳ ಜೊತೆಗೇ ಬರುವ ತೊಂದರೆಗಳು.

1960ರ ದಶಕದ ಆರಂಭದಲ್ಲಿ ಮಕ್ಕಳಿಗೆ ಬರುವ ತೀವ್ರ ಸ್ವರೂಪದ ಲಿಂಫೋಬ್ಲಾಸ್ಟಿಕ್ ರಕ್ತ ಕ್ಯಾನ್ಸರಿನಿಂದ ಬದುಕುಳಿಯುತ್ತಿದ್ದವರು ನೂರಕ್ಕೆ ಹತ್ತು ಮಕ್ಕಳಿಗಿಂತ ಕಡಮೆ. ಇಂದು ಮುಂದುವರಿದ ದೇಶಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮಕ್ಕಳು ಬದುಕುತ್ತಾರೆ. ಇದು ಒಂದೇ ಔಷಧದ ಫಲವಲ್ಲ. ಹಲವು ಔಷಧಗಳನ್ನು ಕ್ರಮಬದ್ಧವಾಗಿ ಕೂಡಿಸಿ ಎರಡು, ಮೂರು ವರ್ಷಗಳ ಕಾಲ ನೀಡುವ ಚಿಕಿತ್ಸೆಯ ಫಲ. ಆ ಕೂಟದಲ್ಲಿ ವಿನ್‌ಕ್ರಿಸ್ಟಿನ್ ಮೊದಲಿನಿಂದಲೂ ಇದೆ.

ಹಾಗಾದರೆ ಕಷಾಯ ಏಕೆ ಕೂಡದು?

ಕೆಲವು ವರ್ಷಗಳ ಹಿಂದೆ ಹಿರಿಯ ರೈತರೊಬ್ಬರು ಒಂದು ಚೀಲದ ತುಂಬ ಈ ಗಿಡಗಳನ್ನು ಬೇರುಸಹಿತ ಕಿತ್ತು ತಂದಿದ್ದರು. ಅವರ ಮೊಮ್ಮಗನಿಗೆ ರಕ್ತದ ಕ್ಯಾನ್ಸರ್ ಎಂದು ಪತ್ತೆಯಾಗಿ, ಬೆಂಗಳೂರಿನಲ್ಲಿ ಚಿಕಿತ್ಸೆ ಆರಂಭವಾಗಿತ್ತು. ಪ್ರಯಾಣ, ಖರ್ಚು, ಮಗುವಿನ ನರಳಾಟ ಕಂಡು ಮನೆಯವರು ಸೋತಿದ್ದರು.

"ಸಾಹೇಬ್ರ, ದವಾಖಾನ್ಯಾಗ ಹುಡುಗಗ ಹಾಕೂ ಇಂಜೆಕ್ಷನ್ ಇದ ಗಿಡದ್ದಂತರೀ. ನಮ್ಮ ಅಂಗಳದಾಗ ಬೇಕಾದಷ್ಟು ಬೆಳದೈತಿ. ಕಷಾಯ ಕಾಸಿ ಕುಡಿಸಿದ್ರ ಸಾಲೂದಿಲ್ಲೇನ್ರೀ?" ಎಂದು ಕೇಳಿದರು.

ಅವರ ಪ್ರಶ್ನೆಯಲ್ಲಿ ತರ್ಕವಿತ್ತು, ಮೊಮ್ಮಗನ ಮೇಲಿನ ಪ್ರೀತಿಯಿತ್ತು. ಆದುದರಿಂದ ಗದರಿಸದೆ ಲೆಕ್ಕ ಹೇಳಿದೆ. ಓದುಗರೂ ಆ ಲೆಕ್ಕವನ್ನು ಗಮನಿಸಬೇಕು.

ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಲು ಸುಮಾರು 500 ಕಿಲೋ ಒಣಗಿದ ಎಲೆ ಬೇಕು. ಮಕ್ಕಳಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಲೆಯಲ್ಲಿ ಅದಕ್ಕಿಂತಲೂ ವಿರಳ. ಒಂದು ಮಗುವಿಗೆ ಒಂದು ಸಲಕ್ಕೆ ಬೇಕಾಗುವುದು ಒಂದೆರಡು ಮಿಲಿಗ್ರಾಂ ಮಾತ್ರ, ನಿಜ. ಆದರೆ ಒಂದು ಮಿಲಿಗ್ರಾಂ ವಿನ್‌ಬ್ಲಾಸ್ಟಿನ್ ದೊರೆಯಬೇಕಾದರೂ ಅರ್ಧ ಕಿಲೋ ಒಣ ಎಲೆ ಬೇಕಾಯಿತು. ವಿನ್‌ಕ್ರಿಸ್ಟಿನ್ ದೊರೆಯಬೇಕಾದರೆ ಇನ್ನೂ ಎಷ್ಟೋ ಹೆಚ್ಚು. ಒಂದು ಲೋಟ ಕಷಾಯದಲ್ಲಿ ಇರುವುದು ಇಲ್ಲವೆನ್ನುವಷ್ಟು. ಹೋಗಲಿ, ಅಷ್ಟೂ ಎಲೆಯನ್ನು ಅರೆದು ಕುಡಿಸಿದರೆ? ಈ ಗಿಡದಲ್ಲಿ ಇದುವರೆಗೆ ಗುರುತಿಸಿರುವ ಆಲ್ಕಲಾಯ್ಡ್‌ಗಳು ನೂರಕ್ಕೂ ಹೆಚ್ಚು. ಬೇಕಾದ ಒಂದು ಮಿಲಿಗ್ರಾಂ ಜೊತೆಗೆ ಬೇಡವಾದವು ಗ್ರಾಂ ಲೆಕ್ಕದಲ್ಲಿ ಹೊಟ್ಟೆಗೆ ಸೇರುತ್ತವೆ. ಬೇರಿನಲ್ಲಿರುವ ಅಜ್ಮಾಲಿಸಿನ್ ರಕ್ತದೊತ್ತಡವನ್ನು ಇಳಿಸುವಂಥದ್ದು. ಉಳಿದವು ವಾಂತಿ, ತಲೆಸುತ್ತು, ನರಗಳ ತೊಂದರೆಗಳನ್ನು ತರುತ್ತವೆ.

ಮೂರನೆಯ ಸಂಗತಿ, ಈ ಔಷಧಗಳನ್ನು ಬಾಯಿಯ ಮೂಲಕ ಕೊಟ್ಟರೆ ಎಷ್ಟು ರಕ್ತಕ್ಕೆ ಸೇರುತ್ತದೆಂದು ಹೇಳುವಂತಿಲ್ಲ. ಆದ್ದರಿಂದಲೇ ನೇರವಾಗಿ ರಕ್ತನಾಳಕ್ಕೆ ಕೊಡುತ್ತಾರೆ. ಅದನ್ನೂ ಎಷ್ಟು ಎಚ್ಚರದಿಂದ ಕೊಡಬೇಕೆಂದರೆ, ನಾಳದಿಂದ ಹೊರಕ್ಕೆ ಒಂದಿಷ್ಟು ಸೋರಿದರೂ ಸುತ್ತಲಿನ ಮಾಂಸ ಕೊಳೆಯುತ್ತದೆ. ಬೆನ್ನುಹುರಿಯ ದ್ರವಕ್ಕೆ ತಪ್ಪಿ ಸೇರಿದರೆ ಪ್ರಾಣವೇ ಹೋಗುತ್ತದೆ. ಮಗುವಿನ ಮೈಯಳತೆಗೆ ತಕ್ಕಂತೆ ಪ್ರಮಾಣವನ್ನು ಲೆಕ್ಕಹಾಕಿ, ರಕ್ತಪರೀಕ್ಷೆ ಮಾಡಿ, ದಿನ ಗೊತ್ತುಮಾಡಿ ಕೊಡುವ ದ್ರವ್ಯವದು. ಇಷ್ಟೆಲ್ಲ ಯುಕ್ತಿಯಿಂದ ಕೊಟ್ಟಾಗ ಮಾತ್ರ ಆ ವಿಷ ಅಮೃತವಾಗುತ್ತದೆ.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು. ಕಷಾಯ ನಂಬಿ ಆಸ್ಪತ್ರೆಯನ್ನು ಬಿಟ್ಟ ದಿನಗಳಲ್ಲಿ ರೋಗ ಸುಮ್ಮನೆ ಕುಳಿತಿರುವುದಿಲ್ಲ. ನಡುವೆ ನಿಲ್ಲಿಸಿದ ಚಿಕಿತ್ಸೆಯಿಂದ ಉಳಿದ ಕಣಗಳು ಮತ್ತೆ ಬೆಳೆಯುತ್ತವೆ, ಮತ್ತು ಎರಡನೆಯ ಬಾರಿ ಅದೇ ಔಷಧಕ್ಕೆ ಬಗ್ಗುವುದು ಕಷ್ಟ.

"ಯಜಮಾನ್ರ, ಗಿಡದಾಗ ಔಷಧ ಐತಿ, ಖರೆ. ಹತ್ತಿಯೊಳಗ ಧೋತರ ಇದ್ದಂಗ ಐತಿ. ಹತ್ತಿ ಸುತ್ತಿಕೊಂಡ್ರ ಧೋತರ ಉಟ್ಟಂಗ ಆಗೂದಿಲ್ಲ" ಎಂದೆ. ಹತ್ತಿ ಬೆಳೆದ ಕೈಗಳು ಅವರವು, ಮಾತು ಹಿಡಿಸಿತು. ಚೀಲವನ್ನು ಅಲ್ಲಿಯೇ ಬಿಟ್ಟು ಎದ್ದರು. ಮಗುವಿನ ಚಿಕಿತ್ಸೆ ಪೂರ್ತಿಯಾಯಿತು. ಆ ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ.

ಸಕ್ಕರೆ ಕಾಯಿಲೆಯ ಮಾತು

ಇನ್ನು ಮಧುಮೇಹದ ವಿಚಾರ. ಕಹಿ ತಿಂದರೆ ಸಿಹಿ ಇಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಪ್ರಮೇಹದಲ್ಲಿ ತಿಕ್ತರಸದ ದ್ರವ್ಯಗಳನ್ನು ಆಯುರ್ವೇದ ಹೇಳಿರುವುದು ನಿಜ. ಆದರೆ ಕಹಿಯಾದುದೆಲ್ಲ ಮಧುಮೇಹದ ಔಷಧವಲ್ಲ. ಕಾಸರಕವೂ ಕಹಿಯೇ. ಕಾಶಿ ಕಣಗಿಲೆಯ ಸಾರದಿಂದ ಪ್ರಯೋಗಶಾಲೆಯ ಪ್ರಾಣಿಗಳಲ್ಲಿ ಸಕ್ಕರೆ ತಗ್ಗಿದ ವರದಿಗಳು ನಂತರದ ವರ್ಷಗಳಲ್ಲಿ ಬಂದಿವೆ. ಪ್ರಾಣಿಗಳಲ್ಲಿ ಕಂಡದ್ದು ಮನುಷ್ಯರಲ್ಲಿ ಸುರಕ್ಷಿತವಾಗಿ ದೊರೆಯುತ್ತದೆ ಎಂಬುದು ಸಿದ್ಧವಾಗಿಲ್ಲ. ಬಿಳಿಕಣಗಳನ್ನು ಕುಗ್ಗಿಸುವ ಗುಣ ಮಾತ್ರ ಸಂದೇಹಕ್ಕೆ ಎಡೆಯಿಲ್ಲದಂತೆ ಸಿದ್ಧವಾಗಿದೆ. ಮಧುಮೇಹಿಗಳಿಗೆ ಸೋಂಕು ಮೊದಲೇ ಬೇಗ ತಗಲುತ್ತದೆ. ಅವರ ಕಾಲಿನ ನರಗಳು ಮೊದಲೇ ದುರ್ಬಲವಾಗಿರುತ್ತವೆ. ಈ ಗಿಡದ ವಿಷ ಎರಗುವುದೂ ಅಸ್ಥಿಮಜ್ಜೆ ಮತ್ತು ನರಗಳ ಮೇಲೆಯೇ. ಉರಿಯುವ ಮನೆಗೆ ಗಾಳಿ ಬೀಸಿದಂತಾಗುತ್ತದೆ.

ಮಾತ್ರೆಯ ಜೊತೆಗೆ ಗುಟ್ಟಾಗಿ ಎಲೆ ತಿನ್ನುವವರ ಪಾಡು ಇನ್ನೊಂದು ಬಗೆಯದು. ಸಕ್ಕರೆ ಅಥವಾ ರಕ್ತದೊತ್ತಡ ಒಮ್ಮೆಲೇ ಕುಸಿದು ತಲೆಸುತ್ತಿ ಬೀಳುವ ಸಂಭವವಿದೆ. ವೈದ್ಯರಿಗೆ ತಿಳಿಸದಿದ್ದರೆ ಅವರು ಕಾರಣವನ್ನು ಬೇರೆಲ್ಲೋ ಹುಡುಕುತ್ತಾರೆ. ಮಧುಮೇಹಕ್ಕೆ ಮನೆಮದ್ದು ಬೇಕೆನ್ನುವವರಿಗೆ ಹಾಗಲಕಾಯಿ, ಮೆಂತ್ಯ, ನೆಲ್ಲಿಕಾಯಿ ಅಡುಗೆಮನೆಯಲ್ಲಿಯೇ ಇವೆ. ಅವು ತಲೆಮಾರುಗಳಿಂದ ಆಹಾರವಾಗಿ ಒಗ್ಗಿದವು. ಜೊತೆಗೆ ದಿನವೂ ಒಂದು ಗಂಟೆಯ ನಡಿಗೆ, ಮಿತವಾದ ಊಟ, ಹೊತ್ತಿಗೆ ಸರಿಯಾದ ನಿದ್ರೆ. ಇವು ಮಾಡುವ ಉಪಕಾರವನ್ನು ಯಾವ ಎಲೆಯೂ ಮಾಡದು.

ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಈ ಗಿಡದ ಯಾವ ಭಾಗವನ್ನೂ ಸೇವಿಸಲೇಬಾರದು. ಕಣಗಳು ವೃದ್ಧಿಯಾಗದಂತೆ ತಡೆಯುವ ದ್ರವ್ಯ, ಬೆಳೆಯುವ ಭ್ರೂಣಕ್ಕೆ ಏನು ಮಾಡೀತೆಂಬುದನ್ನು ವಿವರಿಸಬೇಕಾಗಿಲ್ಲ.

ಗಿಡದ ಒಳಗಿನ ವಿವೇಕ

ಈ ಗಿಡವನ್ನು ಕುರಿತು ಕೆಲವು ವರ್ಷಗಳಲ್ಲಿ ತಿಳಿದುಬಂದ ಒಂದು ಸಂಗತಿ ನನ್ನನ್ನು ಬಹಳ ಚಿಂತನೆಗೆ ಹಚ್ಚಿತು. ವಿನ್‌ಬ್ಲಾಸ್ಟಿನ್ ಎಂಬುದು ಎರಡು ಸಣ್ಣ ಆಲ್ಕಲಾಯ್ಡ್‌ಗಳ ಜೋಡಣೆ. ಒಂದರ ಹೆಸರು ಕ್ಯಾಥರಾಂಥಿನ್, ಇನ್ನೊಂದರದು ವಿಂಡೋಲಿನ್. ಎಲೆಯಲ್ಲಿ ಮೊದಲನೆಯದು ಮೇಲ್ಮೈಯ ಮೇಣದ ಪದರದಲ್ಲಿದೆ, ಎರಡನೆಯದು ಎಲೆಯ ಒಳಗಿದೆ. ಎರಡೂ ಸುಲಭವಾಗಿ ಕೂಡದಂತೆ ಗಿಡವೇ ಬೇರೆಬೇರೆ ಕೋಣೆಗಳಲ್ಲಿ ಇರಿಸಿಕೊಂಡಿದೆ. ಅದಕ್ಕಾಗಿಯೇ ವಿನ್‌ಬ್ಲಾಸ್ಟಿನ್ ಅಷ್ಟು ವಿರಳ. ತನ್ನ ಶತ್ರುವಿಗೆಂದು ತಯಾರಿಸಿದ ಅಸ್ತ್ರವನ್ನು ಗಿಡವೇ ಇಷ್ಟು ಜೋಪಾನವಾಗಿ ಇಟ್ಟುಕೊಂಡಿರುವಾಗ ಅದನ್ನು ಬಳಸುವ ಮನುಷ್ಯನಿಗೆ ಎಷ್ಟು ಎಚ್ಚರವಿರಬೇಕು!

ಈ ಎರಡು ಬಿಡಿಭಾಗಗಳು ಎಲೆಯಲ್ಲಿ ಹೇರಳವಾಗಿರುವುದರಿಂದ ಅವನ್ನು ತೆಗೆದು ಕಾರ್ಖಾನೆಯಲ್ಲಿ ಜೋಡಿಸುವ ವಿಧಾನ ರೂಢಿಗೆ ಬಂದಿದೆ. ಫ್ರಾನ್ಸಿನ ಪಿಯರ್ ಪೋತಿಯೇ ಅವರ ತಂಡ ಇದೇ ದಾರಿಯಲ್ಲಿ ವಿನೋರೆಲ್ಬಿನ್ ಎಂಬ ಹೊಸ ಔಷಧವನ್ನು ರೂಪಿಸಿತು. 2022ರಲ್ಲಿ ವಿಜ್ಞಾನಿಗಳು ಹಿಟ್ಟು ಹುದುಗಿಸುವ ಯೀಸ್ಟ್ ಜೀವಿಯಲ್ಲಿ ಗಿಡದ ಗುಣಾಣುಗಳನ್ನು ಸೇರಿಸಿ ಈ ಎರಡು ಭಾಗಗಳನ್ನೂ ತಯಾರಿಸಿ, ವಿನ್‌ಬ್ಲಾಸ್ಟಿನ್ ಪಡೆದಿದ್ದಾರೆ. ಅದು ಕಾರ್ಖಾನೆಯ ಮಟ್ಟಕ್ಕೆ ಬೆಳೆಯುವವರೆಗೂ ಹೊಲದಲ್ಲಿ ಬೆಳೆದ ಎಲೆಯೇ ಆಧಾರ.

ನಮ್ಮ ದೇಶದಲ್ಲಿ ತಮಿಳುನಾಡು, ಕರ್ನಾಟಕ, ಗುಜರಾತ್ ಮೊದಲಾದ ರಾಜ್ಯಗಳ ರೈತರು ಇದನ್ನು ಬೆಳೆಯುತ್ತಾರೆ. ಕೇಂದ್ರ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯು ನಿರ್ಮಲ್, ಧವಲ್ ಎಂಬ ಬಿಳಿ ಹೂವಿನ ತಳಿಗಳನ್ನು ಬಿಡುಗಡೆ ಮಾಡಿದೆ. ಮರಳು ಮಿಶ್ರಿತ, ನೀರು ನಿಲ್ಲದ ನೆಲ ಇದಕ್ಕೆ ಸಾಕು. ನೀರು ನಿಂತರೆ ಗಿಡ ಕೊಳೆಯುತ್ತದೆ. ಸುಮಾರು ಆರನೆಯ ಮತ್ತು ಒಂಬತ್ತನೆಯ ತಿಂಗಳಲ್ಲಿ ಎಲೆ, ವರ್ಷ ತುಂಬಿದಾಗ ಬೇರು ಕೊಯ್ಲಿಗೆ ಬರುತ್ತದೆ. ಬೆಳೆಯಲು ಇಚ್ಛಿಸುವ ರೈತಬಾಂಧವರು ಕೊಳ್ಳುವವರೊಡನೆ ಲಿಖಿತ ಒಪ್ಪಂದ ಮಾಡಿಕೊಂಡ ನಂತರವೇ ಬಿತ್ತನೆ ಮಾಡಬೇಕು. ಇದು ಮನೆಬಳಕೆಯ ಬೆಳೆಯಲ್ಲ, ಸಂತೆಯಲ್ಲಿ ಮಾರುವಂಥದ್ದೂ ಅಲ್ಲ.

ಒಂದು ಋಣದ ಮಾತನ್ನೂ ಹೇಳಬೇಕು. ಗಿಡ ಮಡಗಾಸ್ಕರಿನದು, ಎಲೆಯ ಸುಳಿವು ಜಮೈಕಾದ್ದು, ಸಂಶೋಧನೆ ಕೆನಡಾ ಮತ್ತು ಅಮೆರಿಕದ್ದು. ಔಷಧದಿಂದ ಬಂದ ಲಾಭದಲ್ಲಿ ಗಿಡವನ್ನು ಸಾಕಿದ ದ್ವೀಪದ ಬಡವರಿಗೆ ಪಾಲು ದೊರೆಯಲಿಲ್ಲ. ಗಿಡಮೂಲಿಕೆಗಳ ಮೇಲೆ ಅವು ಹುಟ್ಟಿದ ನಾಡಿನ ಜನರಿಗೆ ಹಕ್ಕುಂಟು ಎಂಬ ವಾದ ಜಗತ್ತಿನಲ್ಲಿ ಎದ್ದಾಗ ಈ ಗಿಡವನ್ನೇ ಉದಾಹರಣೆಯಾಗಿ ಕೊಡುತ್ತಿದ್ದರು. 1992ರ ಜೀವವೈವಿಧ್ಯ ಒಪ್ಪಂದದಲ್ಲಿ ಆ ಹಕ್ಕಿಗೆ ಮಾನ್ಯತೆ ಬಂತು. ನಮ್ಮ ದೇಶವೂ 2002ರಲ್ಲಿ ಜೀವವೈವಿಧ್ಯ ಕಾಯಿದೆಯನ್ನು ಮಾಡಿಕೊಂಡಿತು.

ಭಕ್ತಾದಿಗಳಿಗೆ ಕೆಲವು ಸೂಚನೆಗಳು

ಅಂಗಳದಲ್ಲಿ ಈ ಗಿಡವನ್ನು ಬೆಳೆಸಲು ಯಾವ ಅಭ್ಯಂತರವೂ ಇಲ್ಲ. ಪೂಜೆಗೆ ಹೂ ಬಿಡಿಸಬಹುದು. ಮುಟ್ಟಿದ ಮಾತ್ರಕ್ಕೆ ಕೇಡಿಲ್ಲ. ಆದರೆ ಟೊಂಗೆ ಮುರಿದಾಗ ಸೋನೆ ಕೈಗೆ ಅಂಟಿದರೆ ತೊಳೆದುಕೊಳ್ಳಬೇಕು. ಹೂವನ್ನು ಪ್ರಸಾದವೆಂದು ಬಾಯಿಗೆ ಹಾಕಿಕೊಳ್ಳಬಾರದು. ಎಳೆಯ ಮಕ್ಕಳು ಎಲೆ, ಕಾಯಿ ಕಚ್ಚದಂತೆ ನೋಡಿಕೊಳ್ಳಬೇಕು. ಕತ್ತರಿಸಿದ ಗಿಡಗಳನ್ನು ಮೇವಿನೊಡನೆ ಬೆರೆಸಬಾರದು. ಯಾರಾದರೂ ತಿಂದು ವಾಂತಿ, ತಲೆಸುತ್ತು, ಮಂಪರು ಕಂಡರೆ ಮನೆಮದ್ದಿಗೆ ಹೊತ್ತು ಕಳೆಯದೆ, ತಿಂದ ಗಿಡದ ಒಂದು ಟೊಂಗೆಯ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು.

ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು ಇದ್ದರೆ, ಆಯುರ್ವೇದದ್ದೇ ಆಗಲಿ, ನಾಟಿಯದೇ ಆಗಲಿ, ಯಾವ ಔಷಧವನ್ನೂ ಆ ಚಿಕಿತ್ಸೆ ನೀಡುವ ವೈದ್ಯರಿಗೆ ತಿಳಿಸದೆ ಕೊಡಬಾರದು. ಕೆಲವು ದ್ರವ್ಯಗಳು ವಿನ್‌ಕ್ರಿಸ್ಟಿನ್ ದೇಹದಿಂದ ಹೊರಹೋಗುವುದನ್ನು ತಡೆದು ಅದರ ವಿಷವನ್ನು ಹೆಚ್ಚಿಸುತ್ತವೆ. ಆಯುರ್ವೇದ ವೈದ್ಯನಿಗೆ ಅಲ್ಲಿ ಕೆಲಸವಿಲ್ಲವೆಂದಲ್ಲ. ಸುಲಭವಾಗಿ ಜೀರ್ಣವಾಗುವ ಗಂಜಿ, ಹೆಸರುಬೇಳೆಯ ತಿಳಿ, ಬಾಯಿಯ ಶುಚಿ, ಮಲಬದ್ಧತೆಯ ಎಚ್ಚರ, ನಿದ್ರೆ, ಮನೋಧೈರ್ಯ, ಈ ಎಲ್ಲದರಲ್ಲಿಯೂ ಅವನು ನೆರವಾಗಬಲ್ಲ. ಎರಡು ಶಾಸ್ತ್ರಗಳ ವೈದ್ಯರು ಮಾತನಾಡಿಕೊಂಡು ನಡೆದರೆ ರೋಗಿಗೆ ಹಿತ.

ಕೊನೆಯದಾಗಿ, ಮಕ್ಕಳಲ್ಲಿ ಈ ಲಕ್ಷಣಗಳನ್ನು ಅಲಕ್ಷಿಸಬೇಡಿ. ವಾರಗಟ್ಟಲೆ ಬಿಡದ ಜ್ವರ, ಮುಖ ಬಿಳಿಚಿಕೊಳ್ಳುವುದು, ಪೆಟ್ಟಿಲ್ಲದೆ ಮೈಮೇಲೆ ನೀಲಿಗಟ್ಟಿದ ಕಲೆಗಳು, ವಸಡಿನಲ್ಲಿ ರಕ್ತ, ರಾತ್ರಿ ಎಚ್ಚರಗೊಳಿಸುವ ಮೂಳೆನೋವು, ಕುತ್ತಿಗೆ ಅಥವಾ ಕಂಕುಳಲ್ಲಿ ಗಂಟುಗಳು. ಇವು ಕಂಡ ಮಕ್ಕಳಲ್ಲಿ ಬಹುಮಂದಿಗೆ ಇರುವುದು ಸಣ್ಣ ಕಾಯಿಲೆಯೇ. ಆದರೂ ಒಂದು ಸಾಮಾನ್ಯ ರಕ್ತಪರೀಕ್ಷೆ ಮಾಡಿಸಿದರೆ ಸಂಶಯ ಬಹುಮಟ್ಟಿಗೆ ತಿಳಿಯಾಗುತ್ತದೆ. ದೊಡ್ಡ ಕಾಯಿಲೆಯೇ ಆಗಿದ್ದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವರಿಗೂ ಚಿಕಿತ್ಸೆ ದೊರೆಯುತ್ತದೆ. ಹಣವಿಲ್ಲವೆಂದು ಮನೆಯಲ್ಲಿ ಉಳಿಯಬೇಡಿ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ. ಬೇಗ ಹೋದವರಿಗೆ, ಕೊನೆಯವರೆಗೆ ಹೋದವರಿಗೆ ಈ ರೋಗ ಇಂದು ಗುಣವಾಗುವ ರೋಗ.